ಪಿಕಪ್ಪಿನ ಸುಖ-ದುಃಖ

ವಾಹನಗಳ ವಿಷಯ ಬರೆಯಲು ನಿನಗೇನು ಅಧಿಕಾರ ಎಂದು ಕೇಳುವವರಿದ್ದಾರೆ. ಅವರಲ್ಲಿ ಮೊದಲನೆಯವರು ನಮ್ಮ ಮನೆಯವರು. ಸ್ಕೂಟರಿನ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಎಂದೂ ಬಡ್ತಿ ಸಿಗದವಳು, ಓದಿದ್ದು ಬಿ.ಎ., ಬಿ.ಎಡ್., ಪಾಠ ಮಾಡುವುದು ಕನ್ನಡ ಮತ್ತು ಸಮಾಜ. ಇಂಥವಳಿಗೆ ಇಂಜಿನ್ನಿನ ಉಸಾಬರಿ ಏಕೆ ಎಂಬುದು ಅವರ ವಾದ. ಆದರೆ ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ಹೇಳಲು ತಟ್ಟಿದವರೇ ಆಗಬೇಕೆಂದಿಲ್ಲ, ತಿಂದವರೂ ಹೇಳಬಹುದು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಈ ನಾಲ್ಕು ತಾಲ್ಲೂಕುಗಳ ರಸ್ತೆಗಳ ಮೇಲೆ ಸುಮಾರು ಮೂವತ್ತು ವರ್ಷ ಕುಲುಕಿಸಿಕೊಂಡು ಬದುಕಿರುವ ನನ್ನ ಬೆನ್ನುಮೂಳೆಗೆ ಈ ವಿಷಯದಲ್ಲಿ ಯಾವ ವಿಶ್ವವಿದ್ಯಾಲಯವೂ ಕೊಡದ ಪದವಿ ಬಂದಿದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಂದರೆ 1990ರ ದಶಕದ ನಡುವೆ, ಹಳ್ಳಿಯ ದಾರಿಯ ಖಾಸಗಿ ಬಸ್ಸಿನಲ್ಲಿ ಹೆಂಗಸರಿಗೆ ಮೀಸಲಾದ ಗೌರವದ ಸ್ಥಾನವೆಂದರೆ ಡ್ರೈವರ ಪಕ್ಕದ ಬಾನೆಟ್ಟು. ಅದರ ಮೇಲೊಂದು ಗೋಣಿಚೀಲ ಹಾಸಿರುತ್ತಿದ್ದರು. ಕೂತರೆ ಒಲೆಯ ಮೇಲೆ ಕೂತ ಹಾಗೆ. ಕೆಳಗೆ ಇಂಜಿನ್ನು, ಪಕ್ಕದಲ್ಲಿ ಗೇರು, ತಲೆಯ ಮೇಲೆ ಟೇಪಿನ ಹಾಡು. ಬಸ್ಸಿನಿಂದ ಇಳಿದ ಮೇಲೂ ಮೊದಲ ಪೀರಿಯಡ್ಡು ಮುಗಿಯುವವರೆಗೆ ಕಿವಿಯೊಳಗೆ ಆ ಇಂಜಿನ್ನು ಓಡುತ್ತಲೇ ಇರುತ್ತಿತ್ತು. ಹಾಜರಿ ಕೂಗುವಾಗ ನನ್ನ ದನಿ ತಾನಾಗಿಯೇ ಎತ್ತರಕ್ಕೆ ಹೋಗಿ, ಪಕ್ಕದ ತರಗತಿಯ ಮಕ್ಕಳೂ ಒಮ್ಮೊಮ್ಮೆ ನಮ್ಮ ಹಾಜರಿಗೆ ಓಗೊಡುತ್ತಿದ್ದರು. ಬಸ್ಸು ತಪ್ಪಿದ ದಿನ ಮೆಟಡೋರ್, ಅದೂ ತಪ್ಪಿದರೆ ಹಾಲಿನ ವ್ಯಾನು, ಅದೂ ಇಲ್ಲದ ದಿನ ಟ್ರ್ಯಾಕ್ಟರಿನ ಮಡ್‌ಗಾರ್ಡು. ಇವೆಲ್ಲದರ ಬಳಿಕ, ನನ್ನ ಸರ್ವಿಸಿನ ನಡುವಯಸ್ಸಿನಲ್ಲಿ ಬಂದದ್ದು ಪಿಕಪ್ಪು.

ಪಿಕಪ್ಪು ನಮ್ಮ ದೇಶಕ್ಕೆ ತೀರ ಹೊಸದೇನಲ್ಲ. ಟಾಟಾದವರು ಟಾಟಾ ಮೊಬೈಲ್ ಎಂಬ ಗಾಡಿಯನ್ನು 1988ರಲ್ಲೇ ಬಿಟ್ಟಿದ್ದರು. ಆದರೆ ನಮ್ಮ ಕಡೆ ಅವು ಮನೆಮಾತಾದದ್ದು ಈ ಶತಮಾನದಲ್ಲಿ. ಚೆನ್ನೈ-ಮುಂಬಯಿ ಹೆದ್ದಾರಿ ಹಿರಿಯೂರು, ದುರ್ಗಗಳನ್ನು ಹಾಯ್ದು ಚತುಷ್ಪಥವಾಯಿತು. 2005ರಲ್ಲಿ ಟಾಟಾ ಏಸ್ ಬಂತು. ಹಿಂದಿಯವರು ಅದಕ್ಕೆ ಛೋಟಾ ಹಾಥಿ ಎಂದು ಹೆಸರಿಟ್ಟರು. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂತು. ಅದಕ್ಕೂ ದೊಡ್ಡವಾಗಿ, ಮುಂದೆ ಮೂತಿ ಚಾಚಿಕೊಂಡು, ಒಂದು ಟನ್ನಿಗೂ ಮೇಲ್ಪಟ್ಟು ಹೊರುವ ಬೊಲೆರೋ ಪಿಕಪ್ಪುಗಳು ಊರೂರಿಗೂ ಬಂದವು. ಲಾರಿ ಹೋಗದ ತೋಟದ ದಾರಿಗೆ ಪಿಕಪ್ಪು ಹೋಗುತ್ತದೆ. ಎತ್ತಿನ ಗಾಡಿ ಮುಟ್ಟಲಾಗದ ಯಶವಂತಪುರದ ಮಂಡಿಯನ್ನು ಬೆಳಗಾಗುವುದರೊಳಗೆ ಮುಟ್ಟುತ್ತದೆ. ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗಿನಕಾಯಿ ಮತ್ತು ದಾಳಿಂಬೆ, ಹಿರಿಯೂರಿನ ಹೂವು, ದುರ್ಗದ ಈರುಳ್ಳಿ ಎಲ್ಲವೂ ಅದರ ಬೆನ್ನಿಗೇ. ಮದುವೆಗೆ ಶಾಮಿಯಾನ, ಜಾತ್ರೆಗೆ ಹೋರಿ, ಗಣಪತಿ ಬಿಡಲು ಗಣಪತಿ, ಚುನಾವಣೆಗೆ ಮೈಕು ಎಲ್ಲವನ್ನೂ ಅದೇ ಹೊರಬೇಕು. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ, ನೀರು ನೋಡಲು ಹೊರಟ ನಮ್ಮ ಕಡೆಯ ಹಳ್ಳಿಗಳ ಜನರನ್ನು ಹೊತ್ತದ್ದೂ ಈ ಪಿಕಪ್ಪುಗಳೇ.

ಇಷ್ಟೆಲ್ಲ ಹೊರುವ ಗಾಡಿಯಲ್ಲಿ ಕೂತವರ ಸುಖದ ಬಗ್ಗೆ ಬಹಳ ಕಾಲ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಹೊರುವ ಪ್ರಾಣಿಗೆ ಸುಖವೆಲ್ಲಿ ಬಂತು, ಅದರ ಜೊತೆಗಿರುವವರಿಗೆ ತಾನೆ ಎಲ್ಲಿ ಬರಬೇಕು?

ಖಾಲಿ ಪಿಕಪ್ಪಿನಲ್ಲಿ ಒಮ್ಮೆ ಕೂತು ನೋಡಬೇಕು. ರಸ್ತೆಯ ಮೇಲಿನ ಪ್ರತಿ ಹಂಪು, ಪ್ರತಿ ಗುಂಡಿ, ಯಾರೋ ಎಂದೋ ಬಿಟ್ಟುಹೋದ ಒಂದು ಜಲ್ಲಿಕಲ್ಲು ಕೂಡ ನಿಮ್ಮ ಸೊಂಟಕ್ಕೆ ತನ್ನ ಹೆಸರು ಹೇಳಿ ಹೋಗುತ್ತದೆ. ಅದೇ ಗಾಡಿ ಇಪ್ಪತ್ತು ಮೂಟೆ ಹೇರಿಕೊಂಡು ಬಂದರೆ ಮದುವಣಗಿತ್ತಿಯ ಹಾಗೆ ಮೆಲ್ಲನೆ ತೂಗುತ್ತ ಬರುತ್ತದೆ. ಇದೇನು ವಿಚಿತ್ರ ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಮಾತಾಡದೆ ಒಂದು ಸ್ಟೀಲ್ ಅಡಿಪಟ್ಟಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ತುದಿಯನ್ನು ಮೀಟಿದರು. ಅದು ಗುಯ್ಯೆಂದು ಬೇಗ ಬೇಗ ಅದುರಿತು. ಆಮೇಲೆ ಅದರ ತುದಿಗೆ ಎರಡು ರಬ್ಬರ್ ತುಂಡುಗಳನ್ನು ದಾರದಿಂದ ಕಟ್ಟಿ ಮತ್ತೆ ಮೀಟಿದರು. ಈ ಸಲ ಅದು ನಿಧಾನವಾಗಿ ತೂಗಿತು. "ಅಷ್ಟೇ ಮೇಡಂ, ಪಿಕಪ್ಪಿನ ಹಿಂದಿನ ಕಮಾನು ಪಟ್ಟಿಯೂ ಇದೇ" ಎಂದರು.

ಪಿಕಪ್ಪಿನ ಹಿಂದಿನ ಅಚ್ಚಿನ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರೆ. ಗ್ಯಾರೇಜಿನವರು ಪ್ಲೇಟು ಎನ್ನುತ್ತಾರೆ. ಅವುಗಳ ಬಿಗುವನ್ನು ಲೆಕ್ಕ ಹಾಕಿರುವುದು ತುಂಬಿದ ಗಾಡಿಗೆ. ಅಷ್ಟು ಬಿಗಿಯಿರದಿದ್ದರೆ ಹೊರೆ ಬಿದ್ದಾಗ ಗಾಡಿ ಹಿಂದಕ್ಕೆ ಕುಕ್ಕರಿಸಿಬಿಡುತ್ತದೆ. ಹೊರೆಯಿಲ್ಲದಾಗ ಆ ಬಿಗುವೆಲ್ಲ ಕೂತವರ ಮೇಲೆ ತೀರುತ್ತದೆ. ಕಾರುಗಳ ಸ್ಪ್ರಿಂಗನ್ನು ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗುವಂತೆ ಮಾಡಿರುತ್ತಾರಂತೆ. ಅದು ನಾವು ನಡೆಯುವ ಹೆಜ್ಜೆಯ ಗತಿಗೆ ಹತ್ತಿರ, ಆದ್ದರಿಂದ ಮೈಗೆ ಹಿತ. ಕೂತ ಮನುಷ್ಯನ ಮೈಗೆ ಅತ್ಯಂತ ತ್ರಾಸ ಕೊಡುವುದು ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗಾಗುವ ಕುಲುಕು. ಆಗ ಹೊಟ್ಟೆಯೊಳಗಿನದೆಲ್ಲ ಕುಲುಕಿನ ತಾಳಕ್ಕೆ ಸರಿಯಾಗಿ ತಾನೂ ಕುಣಿಯತೊಡಗುತ್ತದೆ. ಇದನ್ನೆಲ್ಲ ಓದದೆಯೂ ನಮ್ಮ ಕೂಲಿಯ ಹೆಂಗಸರಿಗೆ ಗೊತ್ತು. "ಹೋಗೋವಾಗ ಸೊಂಟ ಮುರೀತೈತೆ, ಬರೋವಾಗ ಮೂಟೆ ಇದ್ರೆ ನಿದ್ದೆ ಬರ್ತೈತೆ" ಎನ್ನುತ್ತಾರೆ.

ಈ ಪ್ಲೇಟುಗಳಿಗೆ ಇನ್ನೊಂದು ಜನ್ಮವೂ ಇದೆ. ಮುರಿದ ಪ್ಲೇಟುಗಳು ಗುಜರಿಯಿಂದ ಕುಲುಮೆಗೆ ಹೋಗಿ ಮಚ್ಚು, ಕುಡುಗೋಲು ಆಗುತ್ತವೆ. ಒಳ್ಳೆಯ ಉಕ್ಕು; ಹದ ಹಿಡಿದರೆ ವರ್ಷಾನುಗಟ್ಟಲೆ ಬಾಳುತ್ತದೆ. ಬದುಕಿರುವಾಗ ಕೂಲಿಯವರನ್ನು ಕುಲುಕಿಸಿದ್ದು, ಸತ್ತ ಮೇಲೆ ಅವರ ಕೈಯಲ್ಲೇ ಅನ್ನಕ್ಕೆ ದಾರಿಯಾಗುತ್ತದೆ.

ಕುಲುಕಿನ ಮಾತಾಯಿತು. ಇನ್ನು ಗದ್ದಲ. ಕುಲುಕನ್ನಾದರೂ ಮೈ ತಕ್ಷಣ ದೂರುತ್ತದೆ. ಗದ್ದಲದ ದೂರು ಬರುವುದು ಹತ್ತು ವರ್ಷ ಕಳೆದ ಮೇಲೆ. ಇದು ನನಗೆ ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಹೆಸರು ಹೇಳಿದರೆ ಅವನಿಗೆ ಸಂಕೋಚವಾದೀತು, ಬೇಡ. ಎಸ್ಸೆಸ್ಸೆಲ್ಸಿ ಮುಗಿಸಿ ಡ್ರೈವಿಂಗ್ ಕಲಿತು, ಒಬ್ಬ ಖೇಣಿದಾರರ ಪಿಕಪ್ಪು ಓಡಿಸಿ, ಆಮೇಲೆ ಹಳೆಯ ಗಾಡಿಯೊಂದನ್ನು ತಾನೇ ಕೊಂಡು ಒಂಬತ್ತು ವರ್ಷ ದುಡಿದ. ಸಂಜೆ ಬಸ್ಸು ಕೈಕೊಟ್ಟ ದಿನ ಹೊಳಲ್ಕೆರೆ ರಸ್ತೆಯಲ್ಲಿ ನಾನು ನಿಂತದ್ದು ಕಂಡರೆ ಗಾಡಿ ನಿಲ್ಲಿಸಿ "ಬರ್ರಿ ಮೇಡಮ್ಮಾ" ಎಂದು ದುರ್ಗದವರೆಗೆ ಬಿಡುತ್ತಿದ್ದ. ಆ ಹಳೆಯ ಗಾಡಿಯಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. ಬಾಗಿಲನ್ನು ಮೂರು ಸಲ ಬಡಿದರೆ ಒಂದು ಸಲ ಕೂರುತ್ತಿತ್ತು. ಅದರ ರಬ್ಬರ್ ಬೀಡಿಂಗು ಎಂದೋ ಕಿತ್ತುಹೋಗಿತ್ತು. ಕಾಲಕೆಳಗಿನ ತಗಡು, ಮುಂದಿನ ಡ್ಯಾಶ್‌ಬೋರ್ಡು, ಗಾಜು ಏರಿಸುವ ಹಿಡಿ ಒಂದೊಂದೂ ಒಂದೊಂದು ಶ್ರುತಿಯಲ್ಲಿ ಹಾಡುತ್ತಿದ್ದವು. ನಾನು "ತಾಯಿ ಹೇಗಿದ್ದಾರಪ್ಪಾ?" ಎಂದರೆ ಅವನು "ಏಳು ಗಂಟೆಗೆ ಮುಟ್ತೀವಿ ಮೇಡಮ್ಮಾ" ಎನ್ನುತ್ತಿದ್ದ. ಅದೂ ಕೂಗಿ.

2022-23ರ ಸುಮಾರಿಗೆ ನಮ್ಮ ಕಂಪನಿಗಳು ಪಿಕಪ್ಪುಗಳನ್ನು ಹೊಸದಾಗಿ ರೂಪಿಸಿ ಬಿಡತೊಡಗಿದವು. ಟಾಟಾದವರ ಯೋಧ 2.0, ಮಹೀಂದ್ರದವರ ಬೊಲೆರೋ ಮ್ಯಾಕ್ಸ್ ಎಲ್ಲ ಆಗ ಬಂದವು. ನಮ್ಮ ಹುಡುಗನೂ ಹಳೆಯದನ್ನು ಕೊಟ್ಟು ಮೇಲೆ ಸಾಲ ಮಾಡಿ ಹೊಸದೊಂದು ಕೊಂಡ. ಯಾವ ಕಂಪನಿಯದೆಂದು ನಾನು ಹೇಳುವುದಿಲ್ಲ. ಇದು ಪ್ರಬಂಧ, ಜಾಹೀರಾತಲ್ಲ. ಮೊದಲ ದಿನ ಹತ್ತಿ ಹಳೆಯ ಅಭ್ಯಾಸದಿಂದ ಬಾಗಿಲನ್ನು ಎಳೆದುಕೊಳ್ಳಹೋದರೆ "ಮೇಡಮ್ಮಾ, ಮೆಲ್ಲಗೆ ಹಾಕ್ರಿ, ಇದು ಹಳೇ ಗಾಡಿ ಅಲ್ಲ" ಎಂದ. ಬಾಗಿಲು ಪುಸ್ತಕ ಮುಚ್ಚಿದ ಹಾಗೆ ಮುಚ್ಚಿಕೊಂಡಿತು.

ಗಾಡಿ ಹೊರಟಿತು. ಸ್ವಲ್ಪ ದೂರ ಹೋಗುವುದರೊಳಗೆ ನನಗೇನೋ ಕಸಿವಿಸಿ. ಏನೋ ಕಡಿಮೆಯಾಗಿದೆ, ಏನು ತಿಳಿಯದು. ಆಮೇಲೆ ಗೊತ್ತಾಯಿತು, ಕಡಿಮೆಯಾದದ್ದು ಸದ್ದು. ತಿರುವಿನಲ್ಲಿ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು. ನನ್ನ ಚೀಲದೊಳಗಿನ ಡಬ್ಬಿಯ ಚಮಚ ಅಲುಗಿದ್ದೂ ಕೇಳಿಸಿತು. ಹಂಪಿನ ಮೇಲೆ ಹಾಯ್ದಾಗ ಮುಂದಿನ ಭಾಗ ಒಮ್ಮೆ ಬಗ್ಗಿ ಎದ್ದಿತೇ ಹೊರತು ಜಗಳ ತೆಗೆಯಲಿಲ್ಲ. ಇಂಜಿನ್ನನ್ನು ಕೂರಿಸಿದ ರಬ್ಬರ್ ದಿಂಡುಗಳು ಮೆತ್ತಗಿದ್ದರೆ ಅದರ ಅದುರು ಗಾಡಿಯ ಮೈಗೆ ಇಳಿಯುವುದಿಲ್ಲವಂತೆ. ಇಂಜಿನ್ನಿಗೂ ನಮಗೂ ನಡುವಿನ ತಗಡಿಗೆ ಒಳಗಿನಿಂದ ದಪ್ಪ ಹಾಳೆ ಹೊದಿಸಿದರೆ ಸದ್ದು ಅದರಲ್ಲೇ ಅಡಗುತ್ತದಂತೆ. ಬಾಗಿಲ ಸುತ್ತ ಸಂದಿಲ್ಲದಂತೆ ಬೀಡಿಂಗು ಕೂತರೆ ಗಾಳಿಯ ಸಿಳ್ಳೆ ನಿಲ್ಲುತ್ತದಂತೆ. ಮನೆಯಲ್ಲಿ ಹೆಂಗಸರು ಕಿಟಕಿಯ ಸಂದಿಗೆ ಬಟ್ಟೆ ತುರುಕುವುದಿಲ್ಲವೇ, ಅದೇ ವಿದ್ಯೆ. ಇದಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಎಂಬುದಷ್ಟೇ ಆಶ್ಚರ್ಯ.

ಸದ್ದಿಲ್ಲದ ಗಾಡಿಯಲ್ಲಿ ಮಾತು ತಾನಾಗಿ ಹುಟ್ಟುತ್ತದೆ. ಅವನ ತಾಯಿಗೆ ಮಂಡಿನೋವು, ಮಗಳು ಒಂದನೇ ತರಗತಿ, ತಿಂಗಳ ಕಂತು ಇಂತಿಷ್ಟು ಎಲ್ಲ ಒಂದೇ ಪಯಣದಲ್ಲಿ ತಿಳಿಯಿತು. ಜೊತೆಗೆ ಇನ್ನೊಂದು ಸಂಗತಿಯೂ ತಿಳಿಯಿತು. ಇಷ್ಟು ನಿಶ್ಶಬ್ದದಲ್ಲೂ ಹುಡುಗ ಕೂಗಿಯೇ ಮಾತಾಡುತ್ತಿದ್ದ. ಮಾತಿಗೆ ಮಾತು ಕೂಡುತ್ತಿರಲಿಲ್ಲ. ನಾನು "ಕಂತು" ಎಂದರೆ "ಯಾವ ಸಂತು?" ಎನ್ನುತ್ತಿದ್ದ. "ಶಾಲೆ" ಎಂದರೆ "ಯಾವ ಮಾಲೆ?" ಎನ್ನುತ್ತಿದ್ದ. ಉಕ್ತಲೇಖನ ಹೇಳಿಸಿ ಮೂವತ್ತು ವರ್ಷ ಕಳೆದವಳಿಗೆ ಕೇಳಿಸದ ಮಗುವನ್ನು ಗುರುತಿಸುವುದು ಕಷ್ಟವಲ್ಲ. ಹಿಂದಿನ ಬೆಂಚಿನ ದಡ್ಡನೆನಿಸಿಕೊಂಡ ಎಷ್ಟೋ ಮಕ್ಕಳು ಕಿವಿ ಸೋರುವ ಮಕ್ಕಳಾಗಿರುತ್ತಾರೆ. ಇವನು ಹಾಗಿರಲಿಲ್ಲ. ಉಕ್ತಲೇಖನದಲ್ಲಿ ಇವನದು ಯಾವಾಗಲೂ ಹತ್ತಕ್ಕೆ ಒಂಬತ್ತು, ಹತ್ತು. ಕಿವಿ ಹೋದದ್ದು ಆಮೇಲೆ.

ಒತ್ತಾಯ ಮಾಡಿ ಆಸ್ಪತ್ರೆಗೆ ಕಳಿಸಿದೆ. ವೈದ್ಯರು ಕಿವಿಗೆ ಯಂತ್ರ ಹಚ್ಚಿ ಒಂದು ನಕ್ಷೆ ಬರೆದುಕೊಟ್ಟರು. ಎರಡೂ ಕಿವಿ ಸ್ವಲ್ಪ ಮಂದವಾಗಿದ್ದವು, ಬಲಗಿವಿ ಹೆಚ್ಚು. ನಮ್ಮ ದೇಶದಲ್ಲಿ ಚಾಲಕನಿಗೆ ಕಿಟಕಿ ಇರುವುದು ಬಲಗಡೆ. ಸೆಕೆಗೆ ಗಾಜು ಇಳಿಸಿಕೊಂಡು ಹೋದರೆ ಗಾಳಿ, ಹಾರನ್ನು, ಎದುರಿನ ಲಾರಿಯ ಆರ್ಭಟವೆಲ್ಲ ಮೊದಲು ಆ ಕಿವಿಗೇ. ಗದ್ದಲದಿಂದ ಕಿವಿ ಕೆಡುವಾಗ ಎತ್ತರದ ಸಣ್ಣ ಸದ್ದುಗಳು ಮೊದಲು ಹೋಗುತ್ತವೆ. ಸ್ವರಗಳು ಉಳಿಯುತ್ತವೆ, ಸಕಾರ, ಶಕಾರ, ಕಕಾರ, ತಕಾರಗಳು ಹೋಗುತ್ತವೆ. ಎದುರಿನವರು ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ವ್ಯಂಜನವಿಲ್ಲದ ಕನ್ನಡವನ್ನು ಕಲ್ಪಿಸಿಕೊಳ್ಳಿ. ಎಲೆಯ ಮೇಲೆ ಬರೀ ಅನ್ನ ಬಡಿಸಿದ ಹಾಗೆ.

ಇದಕ್ಕೊಂದು ಲೆಕ್ಕವೂ ಇದೆ. ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಇದು ನಮ್ಮ ಸೇರು, ಕೊಳಗದ ಹಾಗೆ ಸರಳವಾಗಿ ಕೂಡುವುದಲ್ಲ. ಹತ್ತು ಡೆಸಿಬೆಲ್ ಹೆಚ್ಚಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚಿದಂತೆ. ದಿನಕ್ಕೆ 8 ಗಂಟೆ ಕೆಲಸ ಮಾಡುವವರ ಕಿವಿಗೆ 85 ಡೆಸಿಬೆಲ್ ಮೀರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕಿಂತ ಮೂರು ಡೆಸಿಬೆಲ್ ಹೆಚ್ಚಾದಂತೆಲ್ಲ ಹೊತ್ತನ್ನು ಅರ್ಧಕ್ಕಿಳಿಸಬೇಕು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಕಾರ್ಖಾನೆಯಾದರೆ ಅಳೆಯಲು ಯಾರಾದರೂ ಬಂದಾರು. ಒಂಟಿ ಚಾಲಕನ ಗಾಡಿಯೊಳಗೆ ಮಾಪಕ ಹಿಡಿದುಕೊಂಡು ಯಾರು ಹತ್ತುತ್ತಾರೆ? ಈ ಲೆಕ್ಕ ನೋಡಿದ ಮೇಲೆ ಹೊಸ ಗಾಡಿಯ ಬೀಡಿಂಗು, ಹಾಳೆಗಳು ನನಗೆ ಸೊಗಸಿನ ವಸ್ತುಗಳಾಗಿ ಕಾಣುವುದಿಲ್ಲ. ದುಡಿಯುವವನಿಗೆ ಅವು ಎಮ್ಮೆಗೆ ನೆರಳಿದ್ದ ಹಾಗೆ.

ಪಿಕಪ್ಪನ್ನು ಸೊಗಸಿಗೆಂದೇ ಓಡಿಸುವ ದೇಶವೂ ಇದೆ. ನನ್ನ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ ಪಿಕಪ್ಪು ಮನೆಯ ಗಾಡಿ. ಮಕ್ಕಳನ್ನು ಶಾಲೆಗೆ ಬಿಡುವುದೂ ಅದರಲ್ಲೇ. ಮೊನ್ನೆ ಅವನು ಹೆದ್ದಾರಿಯಲ್ಲಿ ಹೋಗುತ್ತಲೇ, ಫೋನನ್ನು ಗಾಡಿಗೇ ಜೋಡಿಸಿಕೊಂಡು, ಹೊಸದುರ್ಗದಲ್ಲಿರುವ ಅಕ್ಕನೊಡನೆ ಮಾತಾಡಿದ. ಅರ್ಧ ಗಂಟೆ ಮಾತಾಡಿದ ಮೇಲೆ ಅಕ್ಕ "ಸರಿ, ಗಾಡಿ ಎಷ್ಟೊತ್ತು ನಿಲ್ಲಿಸಿಕೊಂಡಿರ್ತೀಯ, ಹೊರಡು" ಎಂದಳಂತೆ. ಗಾಡಿ ಗಂಟೆಗೆ ನೂರ ಹತ್ತು ಕಿಲೋಮೀಟರಿನಲ್ಲಿ ಓಡುತ್ತಿತ್ತು! ಅಲ್ಲಿ ಹೊಸ ಪಿಕಪ್ಪು ಬಂದರೆ ಮೋಟಾರು ಪತ್ರಿಕೆಗಳವರು ಒಳಗೆ ಡೆಸಿಬೆಲ್ ಮಾಪಕ ಇಟ್ಟು ಅಳೆದು ಅಚ್ಚು ಹಾಕುತ್ತಾರಂತೆ. ಹೋಂಡಾದವರು 2005ರಲ್ಲಿ ಬಿಟ್ಟ ರಿಡ್ಜ್‌ಲೈನ್ ಎಂಬ ಪಿಕಪ್ಪಿಗೆ ಹಿಂದೆ ಪ್ಲೇಟೇ ಇಲ್ಲ. ಕಾರಿನ ಹಾಗೆ ಸುರುಳಿ ಸ್ಪ್ರಿಂಗು, ಒಂದೊಂದು ಚಕ್ರಕ್ಕೂ ಅದರದೇ ಸ್ವಾತಂತ್ರ್ಯ. "ಹಿಂದೆ ಏನು ಹೇರ್ತೀಯಪ್ಪಾ?" ಎಂದು ಅವನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಕಳೆದ ವರ್ಷ ಒಂದು ಸೋಫಾ ತಂದೆವು ಚಿಕ್ಕಮ್ಮ" ಎಂದ.

ಅಲ್ಲಿ ಮುಂದೆ ಸಂಸಾರ, ಹಿಂದೆ ಖಾಲಿ. ನಮ್ಮಲ್ಲಿ ಮುಂದೆ ಒಬ್ಬ ಚಾಲಕ, ಹಿಂದೆ ಊರೆಲ್ಲ. ಆದ್ದರಿಂದ ಅವರ ಸುಖದ ಲೆಕ್ಕ ನಮಗೆ ಪೂರ್ತಿ ಹೊಂದುವುದಿಲ್ಲ. ಸರ್ಕಾರಕ್ಕೂ ಚಾಲಕನ ಸೆಕೆಯ ನೆನಪು ಈಚೆಗೆ ಬಂದಿದೆ. 3.5 ಟನ್ನಿಗೆ ಮೇಲ್ಪಟ್ಟ ಸರಕು ವಾಹನಗಳನ್ನು ಹೊಸದಾಗಿ ತಯಾರಿಸುವಾಗ ಚಾಲಕನ ಕ್ಯಾಬಿನ್ನಿಗೆ ಎ.ಸಿ. ಇರಲೇಬೇಕೆಂಬ ನಿಯಮ 2025ರಿಂದ ಜಾರಿಗೆ ಬಂದಿದೆ. ಬಹಳ ಒಳ್ಳೆಯದು. ನಮ್ಮ ಪಿಕಪ್ಪುಗಳ ತೂಕ ಸಾಮಾನ್ಯವಾಗಿ ಆ ಗೆರೆಯ ಕೆಳಗೇ ನಿಲ್ಲುತ್ತದೆ. ಎ.ಸಿ. ಬೇಕಾದವರು ಹೆಚ್ಚು ದುಡ್ಡು ಕೊಟ್ಟು ಕೊಳ್ಳಬೇಕು, ಬೇಡದವರು ಗಾಜು ಇಳಿಸಿಕೊಂಡು ಬಲಗಿವಿಯನ್ನು ಒಪ್ಪಿಸಬೇಕು. ನಮ್ಮ ಹುಡುಗ ಹೇಗೋ ಎ.ಸಿ. ಇರುವುದನ್ನೇ ಕೊಂಡಿದ್ದ. ಗಾಜು ಏರಿಸಿ, ಹಾಡು ಹಾಕಿಕೊಂಡು ಓಡಾಡುತ್ತಿದ್ದ. ಅವನ ಕಿವಿ ಅಲ್ಲಿಗಾದರೂ ನಿಂತಿತಲ್ಲ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ.

2024ರ ಈರುಳ್ಳಿ ಕಟಾವಿನ ಕಾಲದಲ್ಲಿ ನಡೆದದ್ದನ್ನು ಅವನೇ ಒಂದು ಸಂಜೆ ಹೇಳಿದ. ಹೊಲದಿಂದ ಹನ್ನೊಂದು ಜನ ಹೆಂಗಸರನ್ನು ಹಿಂದೆ ಹತ್ತಿಸಿಕೊಂಡು ಬರುತ್ತಿದ್ದನಂತೆ. ಮೂಟೆಗಳು ಆಗಲೇ ಬೇರೆ ಗಾಡಿಯಲ್ಲಿ ಮಂಡಿಗೆ ಹೋಗಿದ್ದವು. ಗಾಡಿ ಹಗುರ, ಪ್ಲೇಟು ಬಿಗಿ. ಒಂದು ಗುಂಡಿಯಲ್ಲಿ ಹಿಂದಿನ ಚಕ್ರ ಇಳಿದು ಎದ್ದ ರಭಸಕ್ಕೆ, ನಿಂತಿದ್ದ ಒಬ್ಬ ಹಿರಿಯಾಕೆ ಹಿಡಿ ತಪ್ಪಿ ಪಕ್ಕದ ತಗಡಿನ ಮೇಲೆ ಬಿದ್ದರು. ಮುಂಗೈ ಮುರಿಯಿತು. ಉಳಿದವರು ಕ್ಯಾಬಿನ್ನಿನ ಮೇಲೆ ದಬದಬ ಬಡಿದರು, ಕೂಗಿದರು. ಇವನಿಗೆ ಕೇಳಲಿಲ್ಲ. ಮುಂದಿನ ಊರಿನ ಹಂಪಿನ ಹತ್ತಿರ ನಿಧಾನ ಮಾಡಿದಾಗ, ಹುಡುಗಿಯೊಬ್ಬಳು ಬಗ್ಗಿ ಪಕ್ಕದ ಗಾಜಿಗೆ ಕೈ ಬಡಿದ ಮೇಲೆ ನಿಲ್ಲಿಸಿದ. ಅಷ್ಟರಲ್ಲಿ ಎರಡು ಮೈಲಿ ಬಂದಿದ್ದರು.

"ಹಳೇ ಗಾಡಿ ಆಗಿದ್ರೆ ಕೇಳ್ತಿತ್ತು ಮೇಡಮ್ಮಾ" ಎಂದ. "ಅದ್ರಲ್ಲಿ ಹಿಂದೆ ಯಾರಾನ ಕೆಮ್ಮಿದ್ರೂ ಕೇಳೋದು."

ನಾನು ಏನೂ ಹೇಳಲಿಲ್ಲ. ಹೇಳುವುದು ತಾನೆ ಏನು? ಹಳೆಯ ಗಾಡಿ ಅವನ ಕಿವಿಯನ್ನು ತೆಗೆದುಕೊಂಡಿತ್ತು, ಹೊಸ ಗಾಡಿ ಹಿಂದಿನವರ ದನಿಯನ್ನು ತೆಗೆದುಕೊಂಡಿತು. ಎರಡೂ ಸೇರಿದ್ದರಿಂದ ಎರಡು ಮೈಲಿ ದೂರವಾಯಿತು. ಹೊಸ ರೂಪದಲ್ಲಿ ಬದಲಾದದ್ದೆಲ್ಲ ಚಾಲಕನ ಬೆನ್ನ ಹಿಂದಿನ ಗಾಜಿಗೆ ಬಂದು ನಿಂತಿತ್ತು. ಅದರ ಆಚೆಗೆ ಅದೇ ತಗಡು, ಅದೇ ಪ್ಲೇಟು, ಅದೇ ಕುಲುಕು. ಕಂಪನಿಯವರನ್ನು ಕೇಳಿದರೆ ಹಿಂದೆ ಇರಬೇಕಾದದ್ದು ಸರಕು, ಸರಕಿಗೆ ಸೊಂಟವಿಲ್ಲ ಎಂದಾರು. ಅದು ನ್ಯಾಯವೂ ಹೌದು. ಸರಕಿನ ಗಾಡಿಯ ಹಿಂದೆ ಜನರನ್ನು ತುಂಬಿಕೊಂಡು ಹೋಗಲು ಕಾನೂನು ಬಿಡುವುದಿಲ್ಲ. ಆದರೆ ಕಾನೂನು ಬೇಡ ಎನ್ನುತ್ತದೆ, ಬಸ್ಸು ಇಲ್ಲ ಎನ್ನುತ್ತದೆ, ಹೊಟ್ಟೆ ಹೋಗು ಎನ್ನುತ್ತದೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನಿಜ. ನಮ್ಮ ಜಿಲ್ಲೆಯ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಯಾವ ಬಸ್ಸಾದರೂ ಬೆಳಿಗ್ಗೆ ಆರಕ್ಕೆ ಹೊಲದ ಬದುವಿನವರೆಗಂತೂ ಹೋಗುವುದಿಲ್ಲ.

ಆ ಹಿರಿಯಾಕೆಯ ಆಸ್ಪತ್ರೆಯ ಖರ್ಚನ್ನು ಅವನೇ ಕೊಟ್ಟ. ಕೈ ಕೂಡಿತು, ಆದರೆ ಮೊದಲಿನ ಹಾಗೆ ಕುಡುಗೋಲು ತಿರುಗುವುದಿಲ್ಲವಂತೆ. ಅಂದಿನಿಂದ ಅವನು ಹಿಂದೆ ಜನರನ್ನು ಹತ್ತಿಸುವುದನ್ನು ಬಿಟ್ಟಿದ್ದಾನೆ. ಹಾಡು ಹಾಕಿದರೂ ಎಡಗಡೆಯ ಗಾಜನ್ನು ನಾಲ್ಕು ಬೆರಳು ಇಳಿಸಿಯೇ ಓಡಿಸುತ್ತಾನೆ. ಎ.ಸಿ. ಇಟ್ಟುಕೊಂಡು ಗಾಜು ಇಳಿಸುತ್ತಾನಲ್ಲ ಎಂದು ಬೇರೆ ಚಾಲಕರು ನಗುತ್ತಾರೆ. ವರ್ಷಕ್ಕೊಮ್ಮೆ ಕಿವಿ ತೋರಿಸಿಕೊಂಡು ಬರಬೇಕೆಂದು ನಾನು ಹಟ ಹಿಡಿದಿದ್ದೇನೆ. ಈ ಬರಹ ಓದುವ ನಿಮ್ಮ ಮನೆಯಲ್ಲೂ ಗಾಡಿ ಓಡಿಸುವವರಿದ್ದು, ಟಿ.ವಿ. ದನಿ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಜಗಳವಾಡುವ ಬದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆದರೆ ಆ ಹೆಂಗಸರಿಗೆ ಅವನ ಮೇಲೆ ಕೋಪ. ಅವರಲ್ಲಿ ಇಬ್ಬರು ನನ್ನ ಈಗಿನ ವಿದ್ಯಾರ್ಥಿಗಳ ತಾಯಂದಿರು. ಪೋಷಕರ ಸಭೆಗೆ ಬಂದಾಗ ಒಬ್ಬಾಕೆ ಕೇಳಿದಳು: "ಮೇಡಮ್ಮಾ, ನಿಮ್ಮ ಹುಡುಗ ನಮ್ಮನ್ನ ಹತ್ತಿಸಲ್ಲ ಅಂತಾನೆ. ಒಬ್ರು ಕೈ ಮುರ್ಕೊಂಡ್ರು ಅಂತ ಎಲ್ರೂ ಮನ್ಯಾಗೆ ಕುಂದ್ರಾಕೆ ಆಗ್ತೈತಾ? ಈಗ ಬೇರೆ ಗಾಡಿಯೋನು ತಲೆಗೆ ಮೂವತ್ತು ರೂಪಾಯಿ ಹಿಡ್ಕೊಳ್ತಾನೆ, ಕೂಲಿಯಾಗೆ." ಆ ಬೇರೆ ಗಾಡಿ ಯಾವುದು ಎಂದೆ. "ಅದೂ ಪಿಕಪ್ಪೇ, ಹಳೇದು" ಎಂದಳು.

ಎರಡು ಸಾಲು ಸೀಟಿನ ಪಿಕಪ್ಪುಗಳೂ ಬರುತ್ತವೆ. ಕ್ಯಾಂಪರ್ ಎನ್ನುತ್ತಾರೆ. ಕ್ಯಾಬಿನ್ನನ್ನು ಉದ್ದ ಮಾಡಿ ಚಾಲಕನ ಹಿಂದೆ ಇನ್ನೊಂದು ಸೀಟು ಹಾಕಿರುತ್ತಾರೆ. ಅದರಲ್ಲಿ ಕೂತವರಿಗೆ ತಲೆಯ ಮೇಲೆ ಮಾಡು, ಬೆನ್ನಿಗೆ ದಿಂಬು, ಸೊಂಟಕ್ಕೆ ಬೆಲ್ಟು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಚಾಲಕ. ಹಿಂದೆ ಮೂಟೆಯ ಜಾಗ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಈ ಗಾಡಿಯ ಕಂತು ಮುಗಿದ ಮೇಲೆ ಅಂಥದ್ದನ್ನು ತೆಗೆದುಕೊಳ್ಳಬೇಕೆಂದು ನಮ್ಮ ಹುಡುಗನ ಆಸೆ. ಅಂಗಡಿಗೆ ಹೋಗಿ ಒಳಗೆ ಕೂತು, ಬಾಗಿಲು ಹಾಕಿ, ಸದ್ದು ಎಷ್ಟು ಬರುತ್ತದೆಂದು ನೋಡಿಕೊಂಡೂ ಬಂದಿದ್ದಾನೆ. ನಾನು ಸಂತೋಷಪಟ್ಟು, ಚಾಲಕನನ್ನು ಬಿಟ್ಟು ಎಷ್ಟು ಜನ ಕೂರಬಹುದಪ್ಪಾ ಎಂದು ಕೇಳಿದೆ. ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಎರಡನೆಯ ಸಲ ಕೇಳಿಸಿಕೊಂಡು "ನಾಲ್ಕು ಜನ ಮೇಡಮ್ಮಾ" ಎಂದ. ಹೊಲಕ್ಕೆ ಹೋಗಬೇಕಾದ ಹೆಂಗಸರು ಹನ್ನೊಂದು ಜನ.